ಜಗಳಗಂಟಿ ಪ್ರೋಬು

ನೀರು ಶುದ್ಧೀಕರಿಸುವ ಘಟಕದ ಕಂಟ್ರೋಲ್ ರೂಮಿನಲ್ಲಿ ಅಕ್ಕ ಬೆಳಿಗ್ಗೆಯಿಂದ ಒಂದೇ ಕುರ್ಚಿಗೆ ಅಂಟಿಕೊಂಡಿದ್ದಳು. ಮಧ್ಯಾಹ್ನದೊಳಗೆ ಅವಳು ರುಜು ಹಾಕಿದರೆ ಸಾಕು, ಊರಿಗೆಲ್ಲ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಕೆಲಸ ನಾಳೆಯಿಂದ ಮನುಷ್ಯರ ಕೈಬಿಟ್ಟು ಅವಳು ಕಟ್ಟಿದ ವ್ಯವಸ್ಥೆಯ ಕೈಗೆ ಹೋಗುತ್ತಿತ್ತು. ಯೋಚನೆ, ನಕ್ಷೆ ಅವಳದು. ತೊಟ್ಟಿಗಿಳಿದು ವೈರೆಳೆದು ಜೋಡಿಸಿದ್ದು ಅವಳ ಒಡಹುಟ್ಟಿದ ತಮ್ಮ.

ತೊಟ್ಟಿಯಲ್ಲಿ ಮೂರು ಪ್ರೋಬುಗಳು. ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ಮೂರೂ ತಮ್ಮ ತಮ್ಮ ಪಾಡಿಗೆ ಅಳೆದು ಹೇಳಬೇಕು. ಒಂದು ಕೆಟ್ಟರೆ ಉಳಿದೆರಡರ ಮಾತು ನಡೆಯುತ್ತದೆ. ಎರಡು ಸತ್ತವೋ, ಗಂಟೆ ಹೊಡೆದು ಮನುಷ್ಯರನ್ನು ಕರೆಯುತ್ತದೆ.

ಇದನ್ನು ಅವಳು ಕಲಿತದ್ದು ಕಾಲೇಜಿನಲ್ಲೇನಲ್ಲ, ಅಜ್ಜನ ಮುಂದೆ. ಸಂಜೆ ದೀಪ ಹಚ್ಚಿದ ಮೇಲೆ ಅಕ್ಕ ತಮ್ಮ ಇಬ್ಬರೂ ಕೂತು ಒಟ್ಟಿಗೆ ಪದ್ಯ ಹೇಳಬೇಕು. ಒಬ್ಬರು ಮರೆತರೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ದೇವರ ಮುಂದೆ ಪದ್ಯ ಅರ್ಧಕ್ಕೆ ನಿಲ್ಲಬಾರದು. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಬಾಯಿಪಾಠ ಬಂದಿರೋ ಇಬ್ಬರು ಹೇಳಿದ್ರೆ ದನಿ ಕೂದಲೆಳೆಯಷ್ಟಾದ್ರೂ ಹಿಂದೆ ಮುಂದೆ ಆಗುತ್ತೆ ಕಣೇ," ಎನ್ನುತ್ತಿದ್ದರು.

"ಈ ಮೂರನೇದಿದೆಯಲ್ಲ, ಮಹಾ ಜಗಳಗಂಟಿ ಮೇಡಂ," ಎಂದ ಪಕ್ಕದಲ್ಲಿ ಕೂತಿದ್ದ ಹಳೆಯ ಆಪರೇಟರ್. ಮೂವತ್ತು ವರ್ಷದಿಂದ ಬಾಟಲಿಗೆ ಔಷಧಿ ಹನಿಸಿ, ಬಣ್ಣ ನೋಡಿ ಕ್ಲೋರಿನ್ ಹೇಳುತ್ತಿದ್ದವನು ಅವನು. "ನಮ್ಮತ್ತೆ ಥರಾನೇ. ಒಂದು, ಎರಡು ಪಾಪ ಹೊಂದಿಕೊಂಡು ಹೋಗ್ತವೆ. ಇದು ಮಾತ್ರ ಯಾವಾಗ್ಲೂ ಅಡ್ಡಮಾತು."

ಪರೀಕ್ಷೆಗೆಂದು ಇಟ್ಟ ಒಂದು ತಿಂಗಳಲ್ಲಿ ಮೂರನೆಯದು ಹನ್ನೊಂದು ಸಲ ಬೇರೆ ಮಾತಾಡಿತ್ತು. ಹನ್ನೊಂದು ಸಲವೂ ವ್ಯವಸ್ಥೆ ಅದರ ಬಾಯಿ ಮುಚ್ಚಿಸಿತ್ತು. "ಅದನ್ನ ಕಿತ್ತು ಹೊಸದು ಹಾಕ್ತೀನಿ, ನೀನು ಸೈನ್ ಮಾಡು," ಎಂದಿದ್ದ ತಮ್ಮ. ಅವಳೂ ಹೂಂ ಎಂದಿದ್ದಳು. ಕೊನೆಯದಾಗಿ ಒಮ್ಮೆ ತಿಂಗಳ ಅಂಕಿಗಳ ಮೇಲೆ ಬೆರಳಾಡಿಸಿದಳು.

ಒಂದನೆಯದು 0.42, ಎರಡನೆಯದು 0.42. ಮುಂದೆ 0.37, 0.37. ಮತ್ತೆ 0.51, 0.51. ಹಾಳೆ ತಿರುವಿದಳು. ಇನ್ನೊಂದು ತಿರುವಿದಳು. ತಿಂಗಳಿಡೀ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ.

ಅವಳು ಹಾಳೆ ಬಿಟ್ಟು ಆಪರೇಟರ್ ಕಡೆ ತಿರುಗಿದಳು.

"ಜಗಳ ಆದ ದಿನಗಳಲ್ಲಿ ನೀವು ಬಾಟಲಿಯಲ್ಲಿ ನೋಡಿದ್ರಾ?"

ಆಪರೇಟರ್ ಜೇಬಿನಿಂದ ಸಣ್ಣ ಪುಸ್ತಕ ತೆಗೆದ. ಹನ್ನೊಂದು ದಿನವೂ ಬಾಟಲಿ ಮೂರನೆಯದರ ಪಕ್ಷವೇ. "ನಾನೇನೋ ಔಷಧಿ ಹಳೇದಾಗಿದೆ ಅಂದ್ಕೊಂಡೆ ಮೇಡಂ," ಎಂದ ಸಂಕೋಚದಿಂದ. "ಎರಡೆರಡು ಮೆಷಿನ್ನು ಒಂದೇ ಮಾತು ಹೇಳ್ತಿರುವಾಗ ನನ್ನ ಬಾಟಲಿ ಮಾತು ಯಾರು ಕೇಳ್ತಾರೆ?"

ಅವಳು ಎದ್ದು ತೊಟ್ಟಿಯ ಮೇಲಿನ ಕಟ್ಟೆಗೆ ಹೋದಳು. ತಮ್ಮ ಪೈಪಿಗೆ ಕೇಬಲ್ ಬಿಗಿಯುತ್ತ ಶಿಳ್ಳೆ ಹಾಕುತ್ತಿದ್ದ.

"ಒಂದನೇದರ ವೈರು ಕೀಳು."

"ಯಾಕೆ? ಚೆನ್ನಾಗಿ ನಡೀತಿರೋದನ್ನ ಯಾಕಕ್ಕಾ ಕೆಣಕ್ತೀಯ?"

"ಕೀಳು ಅಂದೆ."

ಅವನು ಕದಲಲಿಲ್ಲ. ಅವಳೇ ಬಗ್ಗಿ ಕಿತ್ತಳು. ಆಮೇಲೆ ಒಳಗಿನಿಂದ ಗಂಟೆ ಹೊಡೆದುಕೊಳ್ಳತೊಡಗಿತು. "ಮೇಡಂ!" ಆಪರೇಟರ್ ಕೂಗಿದ. "ಒಂದನೇದೂ ಹೋಯ್ತು, ಎರಡನೇದೂ ಹೋಯ್ತು! ಜಗಳಗಂಟಿ ಒಬ್ಬಳೇ ಉಳಿದಿದ್ದಾಳೆ!"

ತಮ್ಮ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಎರಡನೇದು ಎಲ್ಲೋ?"

"ಮೊದಲನೇ ದಿನಾನೇ ಕೈಜಾರಿ ಬಿತ್ತು. ತುದಿ ಗಾಜು ಪುಡಿಪುಡಿ. ಹೊಸದು ಬರೋಕೆ ಹತ್ತು ವಾರ. ನಿನಗೆ ಹೇಳಿದ್ರೆ ನೀನು ತಾರೀಖು ಮುಂದೆ ಹಾಕ್ತಿದ್ದೆ."

"ಅದಕ್ಕೆ?"

"ಒಂದರ ಮಾತನ್ನ ಎರಡು ಕಡೆಗೆ ಕಳಿಸೋ ಡಬ್ಬಿ... ನೀನೇ ಕೊಟ್ಟಿದ್ದಲ್ಲ."

"ಮೇಜಿನ ಮೇಲೆ ಪರೀಕ್ಷೆ ಮಾಡೋಕೆ ಕೊಟ್ಟಿದ್ದು ಕಣೋ ಅದು! ಒಂದನೇದು ಸುಳ್ಳು ಹೇಳಿದ್ರೂ ಎರಡು ಬಾಯಲ್ಲಿ ಹೇಳುತ್ತೆ. ನಿಜ ಹೇಳೋ ಮೂರನೇದನ್ನ ಸುಮ್ಮನಾಗಿಸುತ್ತೆ. ನಾನು ಕಟ್ಟಿದ್ದನ್ನೇ ನನ್ನ ಮೇಲೆ ತಿರುಗಿಸಿದ್ದೀಯ." ಕಿತ್ತ ವೈರನ್ನು ಅವನ ಮುಂದೆ ಹಿಡಿದಳು. "ಮೂರನೇದನ್ನೂ ಕೀಳ್ತೀನಿ ಅಂದೆಯಲ್ಲ. ಹೊಸದು ಎಲ್ಲಿಂದ ತರ್ತಿದ್ದೆ? ಅದಕ್ಕೂ ಇನ್ನೊಂದು ಡಬ್ಬಿನಾ?"

ಅವನು ಹೂಂ ಎಂಬಂತೆ ತಲೆಯಾಡಿಸಿದ.

"ಹತ್ತೇ ವಾರ ಅಕ್ಕಾ," ಎಂದ ಮಗುವಿನ ದನಿಯಲ್ಲಿ. "ಅಜ್ಜನ ಮುಂದೆ ನನ್ನ ತಪ್ಪನ್ನ ನೀನೇ ಮುಚ್ಚಿಡ್ತಿರಲಿಲ್ವಾ? ಇದೊಂದ್ಸಲ ಸೈನ್ ಹಾಕಿಬಿಡು."

ಹೌದು, ಮುಚ್ಚಿಟ್ಟಿದ್ದಳು. ಅವನಿಗೆ ಪದ್ಯವೇ ಬರುತ್ತಿರಲಿಲ್ಲ. ಅವಳ ತುಟಿ ನೋಡಿ ತುಟಿ ಆಡಿಸುತ್ತಿದ್ದ, ಇಬ್ಬರ ದನಿ ಕೇಳಿಸಲೆಂದು ಅವಳು ಗಂಟಲು ಹರಿಯುವಂತೆ ಹೇಳುತ್ತಿದ್ದಳು. ಒಂದು ಸಂಜೆ ಅಜ್ಜ ಕಣ್ಣು ಮುಚ್ಚಿಕೊಂಡೇ ಅವಳ ಕಡೆ ಕೈಯೆತ್ತಿ, ಸಾಕು ಎಂದು ಸನ್ನೆ ಮಾಡಿದರು. ಅವಳು ನಿಲ್ಲಿಸಿದಳು. ದೀಪದ ಮುಂದೆ ಸದ್ದಿಲ್ಲ. ತಮ್ಮನ ತುಟಿ ಮಾತ್ರ ಆಡುತ್ತಿತ್ತು. ಆಗ ನೋಡಲಾರದೆ, ಅಜ್ಜನ ಮಾತು ಮೀರಿ, ಅವಳೇ ಮತ್ತೆ ಶುರುಮಾಡಿಬಿಟ್ಟಿದ್ದಳು.

ಇವತ್ತು ಅವಳು ಬಾಯಿ ಬಿಡಲಿಲ್ಲ. ತಮ್ಮ ಕಾದ. ತುಂಬ ಹೊತ್ತು ಕಾದ. ಆಮೇಲೆ ಅವಳು ಪ್ಯಾನಲ್ ತೆರೆದು ಆ ಡಬ್ಬಿಯನ್ನು ಬಿಚ್ಚಿ ತೆಗೆದುಕೊಂಡು ಒಳಗೆ ಹೋದಳು.

ರುಜು ಹಾಕಬೇಕಿದ್ದ ಜಾಗದಲ್ಲಿ ಅಡ್ಡಗೀಟು ಎಳೆದು ಕೆಳಗೆ ಬರೆದಳು: ಎರಡನೆಯ ಪ್ರೋಬು ಇಲ್ಲ. ಇದ್ದ ಹಾಗೆ ತೋರಿಸಲಾಗಿತ್ತು. ಜೋಡಿಸಿದವರು ಎಂಬಲ್ಲಿ ತಮ್ಮನ ಹೆಸರು. ಒಂದು ತಿಂಗಳು ನೋಡಿಯೂ ಕಾಣದವರು ಎಂದು ಬರೆದು, ತನ್ನ ಹೆಸರು.

"ಗಂಟೆ ನಿಲ್ಲಿಸ್ಲಾ ಮೇಡಂ?"

"ಬೇಡ, ಹೊಡೀಲಿ. ನೀವು ಬಾಟಲಿ ತನ್ನಿ."

ಅವನು ನೀರು ಹಿಡಿದು ತಂದು ಹನಿ ಬಿಟ್ಟ. ಬಾಟಲಿಯ ನೀರಿಗೆ ತೆಳುವಾಗಿ ಬಣ್ಣ ಏರಿತು. ಬೆಳಕಿಗೆ ಹಿಡಿದು ನೋಡಿ, "0.4 ಇರಬಹುದು," ಎಂದ.

ಪರದೆಯ ಮೇಲೆ ಜಗಳಗಂಟಿ ಒಂಟಿಯಾಗಿ 0.39 ಎನ್ನುತ್ತಿತ್ತು.