ತುಟಿ ಓದುವ ಮನೆಯವರು

ನಮ್ಮ ಮನೆಯಲ್ಲಿ ನಾಲ್ಕು ಮಗ್ಗಗಳಿವೆ. ಅವು ಓಡುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಬರೀ ತುಟಿ ಆಡಿಸುತ್ತಾಳೆ. ಊಟಕ್ಕೆ ಕರೆಯುತ್ತಿದ್ದಾಳೋ, ಯಾರಾದರೂ ಬಂದಿದ್ದಾರೋ ನಮಗೆ ತಿಳಿಯುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ.

ಅಕ್ಕ ಪ್ರಮೋದಾ ಈ ವಿದ್ಯೆಯನ್ನು ಕಬಡ್ಡಿಗೆ ಕೊಂಡೊಯ್ದಳು. ಅವಳು ರೈಡಿಗೆ ಹೋದಾಗ ಎದುರು ತಂಡದವರು ಪಿಸುಗುಟ್ಟುವುದು ಅವಳಿಗೆ ಕಾಣುತ್ತಿತ್ತು. ಬಲಗಡೆಯಿಂದ ಹಿಡಿಯಲು ಹೊಂಚಿದರೆ ಇವಳು ಎಡಗಡೆ ಮುಟ್ಟಿ ಬಂದಿರುತ್ತಿದ್ದಳು. ಹಾಗೆ ಆಡುತ್ತಲೇ ಬೆಂಗಳೂರಿನ ಕಂಪನಿಯೊಂದರ ತಂಡ ಸೇರಿದಳು. ಆಟವೇ ಅವಳ ಕೆಲಸ, ಅದಕ್ಕೇ ಸಂಬಳ.

ಹೋದ ವರ್ಷ ಮಂಡಿ ತಿರುಚಿತು. ವಾಸಿಯಾಗಿ ಮರಳಿದ ಮೊದಲ ಪಂದ್ಯದಲ್ಲಿ ಸಿಕ್ಕಿಬಿದ್ದು ಹೊರಗೆ ಬರುತ್ತಿದ್ದಾಗ, ಕೋಚ್ ಭಾನುಪ್ರಕಾಶ್ ಪಕ್ಕದವರಿಗೆ ಹೇಳಿದ್ದು ಅವಳಿಗೆ ಮ್ಯಾಟ್ ಮೇಲಿಂದಲೇ ಕಂಡಿತು: "ಇವಳದು ಮುಗೀತು."

ಕಿವಿಗೆ ಬಿದ್ದಿದ್ದರೆ ಮರೆಯುತ್ತಿದ್ದಳೋ ಏನೋ. ಆ ತುಟಿಗಳು ಮಾತ್ರ ಅವಳ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಆಮೇಲೆ ರೈಡಿಗೆ ಹೊರಡುವ ಮುಂಚೆ ಬೆಂಚಿನತ್ತ ಒಂದು ನೋಟ, ತಿರುಗಿ ಬಂದ ಮೇಲೆ ಇನ್ನೊಂದು. ಮಂಡಿ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳುತ್ತಿದ್ದರು, ಅಕ್ಕ ಔಟಾಗುತ್ತಲೇ ಇದ್ದಳು.

ಮುಂದಿನ ಸೀಸನ್ನಿಗೆ ಯಾರನ್ನು ಉಳಿಸಿಕೊಳ್ಳಬೇಕೆಂದು ನೋಡಲು ಹೊಸಕೋಟೆಯಲ್ಲಿ ತಂಡದವರೇ ಎರಡು ಭಾಗವಾಗಿ ಆಡುವ ಪಂದ್ಯವಿತ್ತು. ಜೊತೆಗೆ ಹೋಗೆಂದು ಅಮ್ಮ ನನ್ನನ್ನು ಕಳಿಸಿದಳು. ಬಸ್ಸಿನಲ್ಲಿ ಅಕ್ಕ ನನ್ನ ಕಿವಿಯ ಹತ್ತಿರ ಬಂದಳು.

"ಲೇ ದಿವ್ಯಾ, ಬೆಂಚಿನ ಎದುರಿಗೆ ಕೂತ್ಕೋ. ಕೋಚ್ ಏನಂತಾರೆ ನೋಡಿ ನಂಗೆ ಸನ್ನೆ ಮಾಡು."

"ನಾನಾ? ನಾನು ಯಾರ್ ಮುಖಾನೂ ನೋಡಲ್ಲ ಕಣಕ್ಕ, ಅಮ್ಮಂದೂ ನಿಂದೂ ಬಿಟ್ರೆ."

"ಮತ್ತೇನ್ ನೋಡ್ತೀಯ?"

"ಕಾಲು."

"ಥೂ! ಅದಕ್ಕೇ ಡಿಗ್ರಿ ಮುಗಿಸಿದ್ರೂ ಇಂಟರ್‌ವ್ಯೂನಲ್ಲಿ ನಿನ್ನ ವಾಪಸ್ ಕಳಿಸ್ತಾರೆ. ಅವ್ರ ಬೂಟು ಚೆನ್ನಾಗಿತ್ತಾ?"

ನನಗೂ ನಗು ಬಂತು. ಮುಂದಿನ ಸೀಟಿನ ಹೆಂಗಸನ್ನು ನಿಂತಿದ್ದ ಅಜ್ಜ ಎಲ್ಲಿ ಇಳಿಯುತ್ತೀಯೆಂದು ಕೇಳುತ್ತಿದ್ದ. "ಇನ್ನೂ ದೂರ ಐತೆ ತಾತ" ಎಂದಳು ಅವಳು.

"ಸುಳ್ಳು," ಎಂದೆ ಮೆಲ್ಲಗೆ. "ಆಗ್ಲೇ ಚಪ್ಪಲಿ ಹಾಕ್ಕೊಂಡು ಬಾಗಿಲ ಕಡೆ ಕಾಲು ತಿರುಗಿಸಿದಾಳೆ."

ಸೂಲಿಬೆಲೆ ಬಂತು. ಆ ಹೆಂಗಸು ಹಿಂದೆ ನಿಂತಿದ್ದ, ಇನ್ನೂ ಮುಂದೆ ಹೋಗಬೇಕಿದ್ದ ತನ್ನ ದೊಡ್ಡ ಮಗಳನ್ನು ಕರೆದು ಸೀಟಿಗೆ ಕೂರಿಸಿ ಇಳಿದೇಬಿಟ್ಟಳು. ಅಜ್ಜ ಗೊಣಗಿದ. ಅಕ್ಕ ಕಿಟಕಿಯಿಂದ ಬಗ್ಗಿ ಇಳಿದವಳ ಕಾಲನ್ನೇ ನೋಡಿದಳು.

ಹೊಸಕೋಟೆಯಲ್ಲಿ ನಾನು ಬೆಂಚಿನ ಎದುರಿಗೇ ಕೂತೆ. ಆಟ ಶುರುವಾಯಿತು. ಒಂದೇ ತಂಡದವರಾದ್ದರಿಂದ ಎಲ್ಲರಿಗೂ ಅಕ್ಕನ ವಿದ್ಯೆ ಗೊತ್ತು. ಎದುರು ನಿಂತವರು ಬಾಯಿ ಬಿಗಿದುಕೊಂಡಿದ್ದರು. ಅಕ್ಕ ಬೆಂಚಿನತ್ತ ನೋಡಿದಳು. ಭಾನುಪ್ರಕಾಶ್ ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತಾ ಏನೋ ಹೇಳುತ್ತಿದ್ದರು. ಕಾಣದ ಆ ಮಾತು ಕಂಡ ಮಾತಿಗಿಂತ ಹೆಚ್ಚು ಕಾಡಿತೇನೋ, ಅವಳು ಅರ್ಧ ಮನಸ್ಸಿನಲ್ಲೇ ಗೆರೆ ದಾಟಿದಳು. ಮೂವರು ಹಿಡಿದು ಕೆಡವಿದರು.

ಹೊರಗೆ ಕೂತ ಅಕ್ಕ, ಕೋಚ್ ಏನಂದರೆಂದು ಕಣ್ಣಲ್ಲೇ ನನ್ನನ್ನು ಕೇಳಿದಳು. ಟವೆಲ್ಲಿನ ಹಿಂದಿನ ಮಾತು ನನಗೂ ಕಂಡಿರಲಿಲ್ಲ, ಕಂಡಿದ್ದರೂ ಸನ್ನೆ ಮಾಡುತ್ತಿರಲಿಲ್ಲ. ನಾನು ಬಗ್ಗಿ ನನ್ನ ಚಪ್ಪಲಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಮುಖ ತಿರುಗಿಸಿದಳು.

ಮತ್ತೆ ಒಳಗೆ ಬಂದಾಗ ಅವಳು ಬೆಂಚಿನತ್ತ ತಿರುಗಲಿಲ್ಲ. ತಲೆ ತಗ್ಗಿಸಿ "ಕಬಡ್ಡಿ ಕಬಡ್ಡಿ" ಎನ್ನುತ್ತಾ ಎದುರಿನವರ ಪಾದಗಳ ಮೇಲೇ ಕಣ್ಣಿಟ್ಟು ಸಾಗಿದಳು. ಬಲತುದಿಯವಳ ಹಿಮ್ಮಡಿ ನೆಲದಿಂದ ತುಸು ಎದ್ದಿತು. ಅವಳು ಮೇಲೆರಗುವ ಮುಂಚೆಯೇ ಅಕ್ಕ ಪಕ್ಕಕ್ಕೆ ಸರಿದು, ಅವಳನ್ನೂ ಅವಳ ಕೈ ಹಿಡಿದವಳನ್ನೂ ಮುಟ್ಟಿ, ಗೆರೆಯ ಮೇಲೆ ಬಂದು ಬಿದ್ದಳು. ಆಮೇಲೊಮ್ಮೆ ಸಿಕ್ಕಿಬಿದ್ದಳು ಕೂಡ. ಆಗಲೂ ಬೆಂಚು ನೋಡಲಿಲ್ಲ. ಎದ್ದು ಮಂಡಿ ಒರೆಸಿಕೊಂಡು ಹೊರನಡೆದಳು.

ಪಂದ್ಯ ಮುಗಿದ ಮೇಲೆ ಭಾನುಪ್ರಕಾಶ್ ಮ್ಯಾನೇಜರ್ ಜೊತೆ ಮಾತಾಡುತ್ತಿದ್ದರು. ಯಾವತ್ತೂ ಇಲ್ಲದ ಧೈರ್ಯ ತಂದುಕೊಂಡು, ಕೋಚ್ ಹಾಕಿದ್ದ ಕರಿಯ ಬೂಟಿನಿಂದ ಕಣ್ಣೆತ್ತಿ ಅವರ ಮುಖ ನೋಡಿದೆ. "ಇವಳನ್ನ ಬಿಡೋದು ಬೇಡ." ಸ್ಪಷ್ಟವಾಗಿ ಕಂಡಿತು. ಅಕ್ಕ ನನ್ನ ಪಕ್ಕ ಕೂತು ಶೂ ಲೇಸು ಬಿಚ್ಚುತ್ತಿದ್ದಳು.

"ಅಕ್ಕ, ಅವ್ರು ಏನಂದ್ರು ಗೊತ್ತಾ?"

"ಹೇಳ್ಬೇಡ."

"ಒಳ್ಳೇದೇ ಕಣಕ್ಕ..."

"ಒಳ್ಳೇದಾದ್ರೂ ಬೇಡ ಕಣೇ. ಹೇಳೋದಿದ್ರೆ ಇಲ್ಲಿಗೇ ಬಂದು ಹೇಳ್ಲಿ, ಕಿವೀಲಿ ಕೇಳಿಸ್ಕೋತೀನಿ."

ನಾನು ಮತ್ತೆ ನೆಲ ನೋಡುತ್ತಾ ಕೂತೆ. ಬೆಂಚಿನ ಹತ್ತಿರ ಒಂದು ಜೊತೆ ಕರಿಯ ಬೂಟು ನಮ್ಮ ಕಡೆಗೆ ತಿರುಗಿತು.