ಆವು

ಹಸುವಿನ ಚಿತ್ರವನ್ನು ತಲೆಕೆಳಗಾಗಿ ಹಿಡಿದಿದ್ದೇನೆಂದು ಪರ್ವತಯ್ಯನಿಗೆ ಗೊತ್ತಾದದ್ದು ಇನ್‌ಸ್ಪೆಕ್ಟರು ಕೆಮ್ಮಿದ ಮೇಲೆ. ತಿರುಗಿಸಿ ಹಿಡಿದ. ಇಂಟರ್‌ಮೀಡಿಯೆಟ್ ಪಾಸಾದ ಮೇಷ್ಟರು ಹೀಗೆ ಎಡವಬಾರದು.

"ನೀನು ಹೇಳಮ್ಮ," ಎಂದು ಇನ್‌ಸ್ಪೆಕ್ಟರು ಮೂರನೆಯ ಸಾಲಿನ ಆಂಜಿನಮ್ಮನತ್ತ ಬೆರಳು ತೋರಿಸಿದರು. "ವಾಟ್ ಈಸ್ ದಿಸ್?"

ಅವಳು ಎದ್ದು ನಿಂತಳು. ಹತ್ತು ವರ್ಷದ ಹುಡುಗಿ. ಪಾವಗಡದಾಚೆಯ ತಿರುಮಣಿಯಿಂದ ಬಂದು ಮಧುಗಿರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಮನೆಮಾತು ತೆಲುಗು. ಇವತ್ತಿನ ಪರೀಕ್ಷೆ ದಾಟಿದರೆ ಇಂಗ್ಲಿಷ್ ತರಗತಿ, ದಾಟದಿದ್ದರೆ ಊರಿಗೆ ಕರಕೊಂಡು ಹೋಗುತ್ತೇನೆಂದು ಅಪ್ಪ ಕಾಟಪ್ಪ ಹೇಳಿಬಿಟ್ಟಿದ್ದ. ಆಗಲೇ ಗಾಡಿ ಕಟ್ಟಿಕೊಂಡು ಬಂದು ಹೊರಗೆ ಹುಣಸೆಮರದ ಕೆಳಗೆ ಕೂತೂ ಇದ್ದ.

"ಸ್ನೇಕ್, ಸಾರ್," ಎಂದಳು ಆಂಜಿನಮ್ಮ. ಗಟ್ಟಿಯಾಗಿಯೇ ಹೇಳಿದಳು.

ತರಗತಿ ನಕ್ಕಿತು. ಇನ್‌ಸ್ಪೆಕ್ಟರು ನಗಲಿಲ್ಲ.

"ಸ್ನೇಕ್ ಅಂದರೆ ಏನಮ್ಮ?"

"ಆವು, ಸಾರ್."

"ಇದು ಹಾವೇ?"

"ಊಂ, ಸಾರ್. ಆವು."

"ನಾಕು ಕಾಲಿನ ಆವು ಕಣ್ಲಾ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಮತ್ತೆ ನಗು.

ಆ ನಗುವಿನ ನಡುವೆಯೇ ಪರ್ವತಯ್ಯನಿಗೆ ಎಲ್ಲ ಹೊಳೆಯಿತು. ಹೋದ ತಿಂಗಳು ಬೋರ್ಡಿನ ಮೇಲೆ 'ಸ್ನೇಕ್' ಎಂದು ಬರೆದು ಹಾವು ಎಂದು ಅರ್ಥ ಹೇಳಿದ್ದ. ಇಲ್ಲಿಯ ಮಕ್ಕಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ನಲವತ್ತು ಮಕ್ಕಳೂ ಒಟ್ಟಿಗೆ "ಸ್ನೇಕ್ ಅಂದ್ರೆ ಆವು" ಎಂದು ಒಂದು ವಾರ ಕಿರುಚಿದ್ದರು. ತೆಲುಗಿನಲ್ಲಿ ಆವು ಎಂದರೆ ಹಸು. ಹುಡುಗಿ ಕಲಿಸಿದ್ದನ್ನು ಕಲಿಸಿದ ಹಾಗೇ ಒಪ್ಪಿಸಿದ್ದಳು. ಆ ಇಡೀ ಕೋಣೆಯಲ್ಲಿ ಮೇಷ್ಟರನ್ನು ಪೂರ್ತಿ ನಂಬಿದವಳು ಅವಳೊಬ್ಬಳೇ.

ಇಷ್ಟನ್ನು ಹೇಳಲು ಒಂದು ವಾಕ್ಯ ಸಾಕು. ಆದರೆ ಅದನ್ನು ಹೇಳುವವನಿಗೆ ತೆಲುಗು ಬರಬೇಕು, ಪರ್ವತಯ್ಯನಿಗೆ ಬರುವುದಿಲ್ಲ. ಅಂದರೆ, ಕೊಳಾಲದ ಮನೆಯಲ್ಲಿ ಏಳು ವರ್ಷದವರೆಗೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ತುಮಕೂರಿನ ಹಾಸ್ಟೆಲಿನ ಹುಡುಗರು ಅವನ ಬಾಯಿಯ 'ಏಮಂಡಿ', ಅಂದರೆ 'ಏನ್ರೀ', ಅದನ್ನೇ ಹೆಸರಿಟ್ಟು ಕರೆದು, ಬಾರದ ಹಾಗೆ ಮಾಡಿದರು. ನೌಕರಿಯ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದು ದುಂಡಗೆ ಬರೆದ. ಆ ಮಾತೃ ಕೊಲ್ಲಾಪುರಮ್ಮ ಈಗ ಅವನ ಮನೆಯಲ್ಲೇ ಇದ್ದಾಳೆ. ಆಕೆಗೆ ಕಿವಿ ಕೇಳಿಸದು, ಮಾತೂ ಇಲ್ಲವೆಂದು ನೆರೆಹೊರೆಗೆಲ್ಲ ಹೇಳಿಟ್ಟಿದ್ದಾನೆ. ಆಕೆಯೂ ಪಾಪ, ಯಾರಾದರೂ ಬಂದರೆ ಗೋಡೆ ನೋಡುತ್ತ ಕೂತುಬಿಡುತ್ತಾಳೆ. ಭಲೇ ಮಗ.

ಇನ್‌ಸ್ಪೆಕ್ಟರು ಮೈಸೂರಿನ ಕಡೆಯವರು. ಕೆಟ್ಟವರಲ್ಲ. ಪಟ್ಟಿಯ ಮೇಲೆ ಪೆನ್ನು ತಡೆದರು.

"ಮೇಷ್ಟ್ರೇ, ಮಗುವಿಗೆ ಎಲ್ಲೋ ಎಡವಟ್ಟಾದ ಹಾಗಿದೆ. ನಿಮಗೆ ತೆಲುಗು ಬರುತ್ತದೆಯೇ? ಅದರಲ್ಲೇ ಒಂದು ಸಲ ಕೇಳಿ ನೋಡಿ."

"ಇಲ್ಲ ಸ್ವಾಮಿ."

"ಸ್ವಲ್ಪವೂ?"

"ಅಭ್ಯಾಸವಿಲ್ಲ ಸ್ವಾಮಿ."

"ಬಂದಿದ್ದರೆ ಚೆನ್ನಾಗಿತ್ತು. ಈ ಸೀಮೆಯ ಸ್ಕೂಲಿಗೆ ಅಂಥವರೇ ಬೇಕು," ಎಂದು ಅವರು ಆಂಜಿನಮ್ಮನ ಹೆಸರಿನ ಮೇಲೆ ಗೆರೆ ಎಳೆದರು.

ಪರ್ವತಯ್ಯ ಗಂಟಲು ಸರಿಮಾಡಿಕೊಂಡ. ಇನ್‌ಸ್ಪೆಕ್ಟರು ತಲೆಯೆತ್ತಿದರು.

"ಏನಾದರೂ ಹೇಳುವುದಿತ್ತೇ?"

"ಕಾಫಿ ತರಿಸಲೇ ಸ್ವಾಮಿ?"

ಸ್ಕೂಲು ಬಿಟ್ಟಾಗ ಹಿಂಬಾಗಿಲಿನಿಂದ ಹೋಗೋಣವೆಂದುಕೊಂಡ. ಕಾಲು ಅತ್ತ ತಿರುಗಿದ್ದೂ ಹೌದು. ಅಷ್ಟರಲ್ಲಿ ಕಾಟಪ್ಪ ಮಗಳ ಜೊತೆ ಎದುರಿಗೇ ಬಂದು, ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತ.

"ಏನ್ ಸಾಮಿ, ನಮ್ ಬಿಡ್ಡ ಹೆಂಗ್ ಮಾಡ್ಬುಟ್ಲು?"

"ಉತ್ತರ ಸಮರ್ಪಕವಾಗಿರಲಿಲ್ಲ. ನಿಯಮಾನುಸಾರ ತೇರ್ಗಡೆ ಮಾಡಲು ಅವಕಾಶವಿಲ್ಲ."

ಈ ಕನ್ನಡ ಕಾಟಪ್ಪನಿಗೆ ತಿಳಿಯುವುದಿಲ್ಲವೆಂದು ಪರ್ವತಯ್ಯನಿಗೆ ಗೊತ್ತಿತ್ತು. ಅದಕ್ಕೇ ಅದನ್ನು ಆಡಿದ. ಮೇಷ್ಟರು ಏನಂದರೆಂದು ಕೇಳಲು ಕಾಟಪ್ಪ ಮಗಳ ಕಡೆ ತಿರುಗಿದ.

"ಸಾಮಿ ಏಮಂಟಾಡು?"

"ನಾಕು ರಾಲೇದಂಟ ನಾಯ್ನಾ," ಎಂದಳು ಅವಳು. ನನಗೆ ಬರಲಿಲ್ಲವಂತೆ ಅಪ್ಪಾ. ಆಮೇಲೆ ಸ್ವಲ್ಪ ತಡೆದು, "ಸಾರು ಚೆಪ್ಪಿಂದೇ ಚೆಪ್ಪಿನಾ," ಎಂದಳು.

ಸಾರು ಹೇಳಿಕೊಟ್ಟದ್ದನ್ನೇ ಹೇಳಿದೆ. ದೂರುವ ದನಿಯಾಗಿರಲಿಲ್ಲ. ಎಲ್ಲಿ ತಪ್ಪಿದೆನೆಂದು ಅಪ್ಪನನ್ನು ಕೇಳುತ್ತಿದ್ದಳು, ಮೇಷ್ಟರಿಗೆ ತಿಳಿಯದೆಂಬ ಧೈರ್ಯದಲ್ಲಿ. ಪರ್ವತಯ್ಯ ಏನೂ ಅರ್ಥವಾಗದವನ ಮುಖ ಮಾಡಿಕೊಂಡು ಬೇಲಿ ನೋಡಿದ. ನಾಚಿಕೆಗೆ ಮೈ ಬೆವರುತ್ತದೆಂದು ಅವನಿಗೆ ಗೊತ್ತಿತ್ತು. ಬೆವರಿದ ಮೇಲೂ ಮನುಷ್ಯ ಸುಮ್ಮನೆ ನಿಂತಿರಬಲ್ಲ ಎಂಬುದು ಗೊತ್ತಿರಲಿಲ್ಲ.

"ಓಗ್ಲಿ ಬುಡಿ ಸಾಮಿ," ಎಂದ ಕಾಟಪ್ಪ. "ನೀವೇನ್ ಮಾಡ್ತೀರಾ. ಅವ್ಳ್ಗೆ ತಲೆ ಇಲ್ಲ."

ಅವನು ಸಮಾಧಾನ ಹೇಳುತ್ತಿದ್ದದ್ದು ಮೇಷ್ಟರಿಗೆ.

ಆಂಜಿನಮ್ಮ ಗಾಡಿ ಹತ್ತಿ ಕೂತು, ಮತ್ತೆ ನೆನಪಾದವಳಂತೆ ಎದ್ದು ನಿಂತಳು. "ಗುಡ್ ಈವ್ನಿಂಗ್, ಸಾರ್." ಉಚ್ಚಾರ ಸ್ಪಷ್ಟವಾಗಿತ್ತು. ಅದೂ ಅವನೇ ಹೇಳಿಕೊಟ್ಟದ್ದು.

ಗಾಡಿ ಪಾವಗಡದ ರಸ್ತೆಗೆ ತಿರುಗಿತು. ಪರ್ವತಯ್ಯ ಸ್ಕೂಲಿನ ಗೇಟಿಗೆ ಚಿಲಕ ಹಾಕಿದ. ತೆಗೆದ. ಆಮೇಲೆ ಪಂಚೆ ಎತ್ತಿ ಹಿಡಿದು ಓಡತೊಡಗಿದ. ಸಂತೆಯಿಂದ ಬರುತ್ತಿದ್ದವರು ದಾರಿ ಬಿಟ್ಟು ನೋಡಿದರು. ಹೇಳಬೇಕಾದದ್ದು ಸಣ್ಣದು: ತಪ್ಪು ನನ್ನದು, ಮಗುವಿನದಲ್ಲ. ತಪ್ಪು ಎಂಬ ಮಾತು ಎರಡು ಭಾಷೆಯಲ್ಲೂ ಒಂದೇ, ಅರ್ಥ ಹೇಳುವವರೂ ಬೇಕಿಲ್ಲ. ಗಾಡಿಯ ಹಿಂದೆ ಹತ್ತು ಮಾರು ದೂರಕ್ಕೆ ಬಂದಾಗ ಅದನ್ನು ಕೂಗಲು ಬಾಯಿ ತೆರೆದ.

ಕನ್ನಡ ಬರಲಿಲ್ಲ. ತೆಲುಗೂ ಬರಲಿಲ್ಲ.

"ಹೋ... ಹೋ..."

ಎತ್ತುಗಳು ಗಕ್ಕನೆ ನಿಂತವು. ಕಾಟಪ್ಪ ತಿರುಗಿ ನೋಡಿದ. ಹುಡುಗಿಯೂ ನೋಡಿದಳು.

"ಏನ್ ಸಾಮಿ?"

ಪರ್ವತಯ್ಯ ಏದುಸಿರು ಬಿಡುತ್ತ, ತೆರೆದ ಬಾಯಿ ತೆರೆದಂತೆಯೇ ನಿಂತಿದ್ದ. ಎತ್ತುಗಳು ಕಿವಿ ನಿಮಿರಿಸಿಕೊಂಡು ಮುಂದಿನ ಮಾತಿಗೆ ಕಾದವು.