ಓರಗಿತ್ತಿಯ ಅಣಬೆ ಕೋಣೆಯ ಗುಟ್ಟು

ಫರ್ಗಾನಾ ಕಣಿವೆಯ ಒಂದೇ ಅಂಗಳದಲ್ಲಿ ಇಬ್ಬರು ಓರಗಿತ್ತಿಯರು ಹುಲ್ಲು ತುಂಬಿದ ಚೀಲಗಳಲ್ಲಿ ಮಾರಾಟಕ್ಕೆ ಚಿಪ್ಪಣಬೆ ಬೆಳೆಯುತ್ತಿದ್ದರು. ಬೀಜ ಒಂದೇ, ಗೋಧಿ ಹುಲ್ಲೂ ಒಂದೇ. ಆದರೂ ಕಿರಿಯವಳಾದ ಸನೋಬರಳ ಚೀಲಗಳು ಅಣಬೆಯ ಎಳೆ ಹಬ್ಬಿ ಬೆಳ್ಳಗಿದ್ದವು. ಹಿರಿಯವಳಾದ ಮುಕರ್ರಮಳ ಚೀಲಗಳಲ್ಲಿ ಬರೀ ಹಸಿರು ಬೂಷ್ಟು. ಅತ್ತೆಯಂತೂ ಬಂದವರೆದುರೆಲ್ಲ "ಕಿರಿ ಸೊಸೆ ಕೈಗುಣ ನೋಡಿ" ಎನ್ನುತ್ತಿದ್ದರು. ಮುಕರ್ರಮಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು.

"ಅವಳ ಕಣ್ಣೇ ಬಿದ್ದಿರೋದು," ಎಂದು ತನ್ನ ಕೋಣೆಗೆಲ್ಲ ದೃಷ್ಟಿ ತೆಗೆಯುವ ಇಸಿರಿಕ್ ಸೊಪ್ಪಿನ ಹೊಗೆ ಹಾಕಿದಳು. ಚಮಚದಿಂದ ಬೂಷ್ಟು ಕೆರೆದಳು, ಉದುರಿದ ಪುಡಿ ಗುಡಿಸಿದಳು. ಬೂಷ್ಟು ಮತ್ತಷ್ಟು ಹರಡಿತು.

ಕೊನೆಗೆ ಓರಗಿತ್ತಿಯ ಗುಟ್ಟು ತಿಳಿಯಲು ಅವಳ ಬಾಗಿಲಿಗೇ ಹೋದಳು.

"ಅಲ್ಲೇ ನಿಲ್ಲಿ ಅಕ್ಕಾ! ಕೈ ತೊಳ್ಕೊಂಡು, ಬೇರೆ ಬಟ್ಟೆ ಹಾಕ್ಕೊಂಡು ಬನ್ನಿ," ಎಂದಳು ಸನೋಬರ್.

"ನಾನೇನು ಕಳ್ಳೀನಾ? ನಿನ್ನ ಮದ್ದು ಎಲ್ಲಿ ನೋಡಿಬಿಡ್ತೀನೋ ಅಂತ ಭಯಾನಾ?" ಎಂದು ಮುಕರ್ರಮ್ ಸಿಡುಕಿ ಹಿಂದಿರುಗಿದಳು.

ಮರುದಿನ ಸನೋಬರ್ ಬಜಾರಿಗೆ ಹೋದಾಗ ಮುಕರ್ರಮ್ ಒಳಗೆ ನುಗ್ಗಿದಳು. ಒಂದು ಚೀಲಕ್ಕೆ ಬೆರಳು ತೂರಿಸಿ ಕೆದಕಿದಳು. ಮದ್ದೇನೂ ಸಿಗಲಿಲ್ಲ.

ಕೆಲವು ದಿನಗಳಲ್ಲಿ ಅದೇ ಚೀಲ ಹಸಿರಾಯಿತು. ಮುಕರ್ರಮ್ ಒಳಗೊಳಗೇ ಹಿಗ್ಗಿದಳು. "ಈಗ ತೋರಿಸೇ ಅತ್ತೆಗೆ, ನಿನ್ನ ಕೈಗುಣ!" ಎಂದು ಚುಚ್ಚಿದಳು.

ಸನೋಬರ್ ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಚೀಲವನ್ನು ಬಿಚ್ಚದೆ, ಅಲ್ಲಾಡಿಸದೆ ಇನ್ನೊಂದು ಚೀಲದೊಳಗಿಟ್ಟು ಬಿಗಿದಳು. ಹಾಗೆ ಬಿಗಿಯುವಾಗ ಚೀಲದಲ್ಲಿ ಬೆರಳಗಲದ ತೂತು ಕಂಡಿತು.

"ಅಕ್ಕಾ, ಇದಕ್ಕೆ ಬೆರಳು ಹಾಕಿದ್ಯಾರು?"

ಮುಕರ್ರಮಳ ಮುಖ ಕೆಂಪಾಯಿತು. "ನಾನೇ. ಏನು ಬೆರೆಸ್ತೀಯಾ ಅಂತ ನೋಡೋಕೆ..."

"ಕೇಳಿದ್ರೆ ಹೇಳ್ತಿರಲಿಲ್ವಾ? ಹುಲ್ಲನ್ನ ಬಿಸಿ ನೀರಲ್ಲಿ ಚೆನ್ನಾಗಿ ಬೇಯಿಸ್ತೀನಿ, ಮುಚ್ಚಿಟ್ಟು ಆರಿಸ್ತೀನಿ, ನೀರು ತೊಟ್ಟಿಕ್ಕದ ಹಾಗೆ ಹಿಂಡ್ತೀನಿ. ಅಷ್ಟೇ. ಆ ಹಸಿರು ಪುಡೀನೇ ಬೂಷ್ಟಿನ ಬೀಜ ಅಕ್ಕಾ. ನೀವು ಕೆರೆದು ಗುಡಿಸಿ ಕೋಣೆ ತುಂಬ ಬಿತ್ತಿದ್ರಿ. ನಿಮ್ಮ ಕೈಯಲ್ಲಿ ನನ್ನ ಕೋಣೆಗೂ ಬಂತು."

"ಹಾಗಾದ್ರೆ ನಿನ್ನ ಕಣ್ಣಲ್ವಾ?"

"ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ನಿಮ್ಮ ರೇಷ್ಮೆ ಅಂಗಿ ಯಾವತ್ತೋ ಹರಿದುಹೋಗ್ತಿತ್ತು!"

ಮುಕರ್ರಮ್ ತಡೆಯಲಾರದೆ ನಕ್ಕಳು. "ನನ್ನ ಅಂಗಿ ಮೇಲೆ ಅಷ್ಟು ಆಸೇನಾ ನಿಂಗೆ?"

ಇಬ್ಬರೂ ಸೇರಿ ಕೆಟ್ಟ ಚೀಲಗಳನ್ನು ದೂರ ಒಯ್ದು ಹೂತರು. ಅತ್ತೆ ಸುಣ್ಣ ಕಲಸಿಕೊಟ್ಟರು. ಗಂಡಸರು ಗೋಡೆಗೆ ಬಳಿದರು. ಮುಂದಿನ ಬೆಳೆಗೆ ಮುಕರ್ರಮ್ ಕೂಡ ಹಾಗೇ ಹುಲ್ಲು ಬೇಯಿಸಿ, ಹಿಂಡಿ ತುಂಬಿದಳು. ಅವಳ ಚೀಲಗಳೂ ಬೆಳ್ಳಗೆ ತುಂಬಿಕೊಂಡವು.

ಅಣಬೆ ಬೆಳೆಯುವ ಅಕ್ಕತಂಗಿಯರೇ, ಹಸಿರು ಕಂಡ ಚೀಲವನ್ನು ಕೆರೆಯಬೇಡಿ, ಬಿಚ್ಚಬೇಡಿ. ಕಂಡ ದಿನವೇ ಹೊರಗೆ ಸಾಗಿಸಿ. ಅದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಬಟ್ಟೆ ಬದಲಿಸಿ. ಪಕ್ಕದ ಮನೆಯವಳ ಬೆಳೆ ಚೆನ್ನಾಗಿದ್ದರೆ ಹೊಟ್ಟೆ ಉರಿಯುವುದು ಸಹಜವೇ. ಉರಿಯಲಿ ಬಿಡಿ, ಕೈ ತೊಳೆದುಕೊಂಡು ಹೋಗಿ ಅವಳನ್ನೇ ಕೇಳಿ.